ನೀರು ಕಂಡ ಕಡೆ ತೂತು ಇರಲ್ಲ

2022ರ ಸೆಪ್ಟೆಂಬರ್ ಮೊದಲ ವಾರ. ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆ ಎಂಬ ಸುದ್ದಿ ಬಂದದ್ದೇ ತಡ, ನಾವು ಐದು ಜನ ಒಂದು ಮಾರುತಿ 800ರಲ್ಲಿ ತುಂಬಿಕೊಂಡು ಹೊರಟೆವು. ಹಿರಿಯೂರಿನ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ. ಹಿಂದಿನ ಸಲ ಮಾರಿಕಣಿವೆ ಕೋಡಿ ಬಿದ್ದದ್ದು 1933ರಲ್ಲಿ. ಅಂದರೆ 89 ವರ್ಷದ ಹಿಂದೆ. ಇಲ್ಲೇ ಹುಟ್ಟಿ, ಇಲ್ಲೇ ಮುದುಕರಾಗಿ, ಒಂದು ಸಲವೂ ಕೋಡಿ ನೋಡದೆ ಕಣ್ಣು ಮುಚ್ಚಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರ ಪರವಾಗಿಯೂ ನೋಡಿ ಬರೋಣ ಅನ್ನೋ ಹುಮ್ಮಸ್ಸು. ದಾರಿಯುದ್ದಕ್ಕೂ ಮಳೆ.

ನೋಡಿದೆವು, ಫೋಟೊ ತೆಗೆದೆವು, ಜಾತ್ರೆಯಂತೆ ಸೇರಿದ್ದ ಜನರ ನಡುವೆ ಮಿರ್ಚಿ ತಿಂದೆವು. ವಾಪಸು ಬರುವಾಗ ಮುಂದಿನ ಎಡ ಸೀಟಿನಲ್ಲಿ ಕೂತವನ ಚಪ್ಪಲಿ ಪಚಪಚ ಅನ್ನತೊಡಗಿತು. ಮಳೆಯಲ್ಲಿ ನೆನೆದ ಕಾಲು ಅಂದುಕೊಂಡು ಸುಮ್ಮನಾದೆವು. ಮರುದಿನ ಬೆಳಗ್ಗೆ ಡಿಕ್ಕಿ ತೆಗೆದಾಗ ಗೊತ್ತಾಯಿತು. ಅಲ್ಲಿ ಒಂದು ಗೋಣಿಚೀಲದಲ್ಲಿ ನಮ್ಮ ಹನ್ನೊಂದು ನೋಟ್‌ಬುಕ್ ಇದ್ದವು. ಓದು ಮುಗಿಸಿದ ಮೇಲೆ ಎರಡು ವರ್ಷ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ತಿರುಗಿ ಹಳೆಯ ಡ್ರೈವರುಗಳು, ಮೆಕ್ಯಾನಿಕ್ಕುಗಳು, ಕೆರೆ ನೋಡಿಕೊಳ್ಳುತ್ತಿದ್ದ ನೀರುಗಂಟಿಗಳ ಮಾತು ಬರೆದಿಟ್ಟುಕೊಂಡಿದ್ದೆವು. ಮೊಬೈಲಿನಲ್ಲಿ ರೆಕಾರ್ಡ್ ಮಾಡಬಹುದಿತ್ತಲ್ಲ ಎಂದು ಕೇಳಬೇಡಿ. ಮೊಬೈಲ್ ಹಿಡಿದ ಕೂಡಲೇ ಹಿರಿಯರು ಭಾಷಣ ಶುರು ಮಾಡುತ್ತಾರೆ, ಪೆನ್ನು ಹಿಡಿದರೆ ಮಾತಾಡುತ್ತಾರೆ. ಹನ್ನೊಂದರಲ್ಲಿ ನಾಲ್ಕು ಪೂರ್ತಿ ಹೋಗಿದ್ದವು. ಶಾಯಿ ಕರಗಿ ಹಾಳೆಯೆಲ್ಲ ನೀಲಿ. ಅದರಲ್ಲೊಂದು, ಅರವತ್ತರ ದಶಕದಿಂದ ಹಿರಿಯೂರಿನಲ್ಲಿ ಅಂಬಾಸಿಡರ್ ಬಾಡಿಗೆ ಓಡಿಸಿದ ಒಬ್ಬ ಅಜ್ಜನ ಮಾತು. ಅವರು ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮತ್ತೆ ಹೋಗಿ ಕೇಳುವ ಹಾಗಿರಲಿಲ್ಲ.

ಇಷ್ಟಕ್ಕೆ ಕಾರಣ ಎಲ್ಲೋ ಒಂದು ತೂತು. ಅದನ್ನು ಹುಡುಕಲು ಹೊರಟವರು ನಾವು, ಕಾರಿನೊಳಗೆ ಮಳೆ ಬಾರದಂತೆ ಮಾಡಲು ಮನುಷ್ಯರು ಪಟ್ಟ ಪಾಡಿನ ಚರಿತ್ರೆಯೊಳಗೇ ಇಳಿದುಬಿಟ್ಟೆವು. ಅದರ ಒಂದಿಷ್ಟು ಭಾಗ ಇಲ್ಲಿದೆ.

ಮೊದಮೊದಲು ಕಾರಿಗೆ ಮಳೆ ಸೋರುತ್ತದೆ ಎಂಬ ದೂರೇ ಇರಲಿಲ್ಲ. ಸೋರಲು ಮೇಲೆ ಏನಾದರೂ ಇರಬೇಕಲ್ಲ! ಕುದುರೆ ಗಾಡಿಯಿಂದ ಕುದುರೆ ಬಿಚ್ಚಿ ಎಂಜಿನ್ ಇಟ್ಟಂತಿದ್ದ ಆ ಗಾಡಿಗಳಿಗೆ ಮಡಚುವ ಕ್ಯಾನ್ವಾಸ್ ಕೊಡೆ ಇದ್ದರೆ ಅದೇ ಸೌಭಾಗ್ಯ. ಮುಂದಿನ ಗಾಜಿನ ನೀರು ಒರೆಸುವ ಕಡ್ಡಿಗೆ ಅಮೆರಿಕದ ಮೇರಿ ಆಂಡರ್ಸನ್ ಪೇಟೆಂಟ್ ಪಡೆದದ್ದು 1903ರಲ್ಲಿ. ನಮ್ಮ ಮಾರಿಕಣಿವೆಯಲ್ಲಿ ಆಗ ಗಾರೆ ಅರೆದು ಕಲ್ಲು ಕಟ್ಟುವ ಕೆಲಸ ನಡೆಯುತ್ತಿತ್ತು. 1898ರಲ್ಲಿ ಶುರುವಾದ ಅಣೆಕಟ್ಟು 1907ಕ್ಕೆ ಮುಗಿಯಿತು. (ನಮ್ಮ ಕಡೆ ಯಾರನ್ನು ಕೇಳಿದರೂ ಇದನ್ನು ಕಟ್ಟಿಸಿದ್ದು ವಿಶ್ವೇಶ್ವರಯ್ಯ ಅನ್ನುತ್ತಾರೆ. ಅವರು ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಕಾರಿನ ಕಥೆಯಲ್ಲಿ ಮಾತ್ರ ಅವರು ನಿಜವಾಗಿಯೂ ಬರುತ್ತಾರೆ, ಸ್ವಲ್ಪ ತಡೆಯಿರಿ.)

1920ರ ದಶಕದಲ್ಲಿ ಮುಚ್ಚಿದ ಕಾರುಗಳು ಜಾಸ್ತಿಯಾದವು. ಆದರೆ ಅವುಗಳ ಚಾವಣಿ ಪೂರ್ತಿ ಕಬ್ಬಿಣದ್ದಲ್ಲ. ಅಷ್ಟು ಅಗಲದ ತಗಡು ತಯಾರಿಸಿ, ಅದನ್ನು ಒಂದೇ ಏಟಿಗೆ ಒತ್ತಿ ಬಗ್ಗಿಸುವ ಯಂತ್ರಗಳು ಆಗಿನ್ನೂ ಬಂದಿರಲಿಲ್ಲ. ಹಾಗಾಗಿ ಸುತ್ತ ತಗಡು, ನಡುವೆ ಮರದ ರೀಪು, ಅದರ ಮೇಲೆ ಹತ್ತಿ, ಅದರ ಮೇಲೆ ಮೇಣ ಬಳಿದಂಥ ಬಟ್ಟೆ. ನಮ್ಮ ಮಾಳಿಗೆ ಮನೆಗೆ ತೊಲೆ, ಜಂತೆ, ಮೇಲೆ ಮಣ್ಣು ಹಾಕಿದ ಹಾಗೆ. ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಚೌಳು ಹಾಕಿ ತುಳಿಯುತ್ತಿದ್ದರಲ್ಲ, ಆ ಕಾರುಗಳಿಗೂ ಆಗಾಗ ಬಟ್ಟೆಯ ಅಂಚಿಗೆ ಲೇಪ ಹಚ್ಚಬೇಕಿತ್ತು. ಮರೆತರೆ ನೀರು ತಲೆ ಮೇಲೆ. ಜನರಲ್ ಮೋಟಾರ್ಸ್ ಕಂಪನಿ ತನ್ನ 1935ರ ಮಾದರಿಗಳಿಗೆ ಇಡೀ ಚಾವಣಿಯನ್ನು ಒಂದೇ ಉಕ್ಕಿನ ಹಾಳೆಯಲ್ಲಿ ಮಾಡಿದ ಮೇಲೆ ಈ ಮಾಳಿಗೆ ಕಾಲ ಮುಗಿಯಿತು.

ಅಲ್ಲಿಂದ ಮುಂದೆ ಕಾರು ಸೋರುವುದು ಚಾವಣಿಯ ಮಧ್ಯದಿಂದ ಅಲ್ಲ, ಸಂದಿಯಿಂದ. ತಗಡಿಗೆ ತಗಡು ಸೇರುವ ಕಡೆ, ತಗಡಿಗೆ ಗಾಜು ಸೇರುವ ಕಡೆ, ಬಾಗಿಲು ಚೌಕಟ್ಟಿಗೆ ಕೂರುವ ಕಡೆ. ಇವತ್ತಿಗೂ ಹಳೆಯ ಕಾರಿನ ಕಥೆ ಇಷ್ಟೇ.

ಈಗ ವಿಶ್ವೇಶ್ವರಯ್ಯನವರು. 1930ರ ದಶಕದ ನಡುವೆ ಅವರು ಯುರೋಪು, ಅಮೆರಿಕ ಸುತ್ತಿ ಅಲ್ಲಿಯ ಕಾರು ಕಾರ್ಖಾನೆ ನೋಡಿಕೊಂಡು ಬಂದು, ಇಲ್ಲೇ ಕಾರು ಮಾಡುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದರು 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ವಿಮಾನದ ಕಾರ್ಖಾನೆ, ಇವತ್ತಿನ ಎಚ್‌ಎಎಲ್‌ನ ಮೂಲ ಅದು. ಕಾರಿಗಾಗಿ ಅವರು 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಮೈಸೂರಿಗೆ ಕಾರ್ಖಾನೆ ಬರಲಿಲ್ಲ, ಹಿರಿಯೂರಿಗೆ ಕಾರುಗಳು ಮಾತ್ರ ಬಂದವು. ಒಂದು ಕಡೆ ಬಂಗಾಳದ ಉತ್ತರಪಾರಾದಿಂದ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಇನ್ನೊಂದು ಕಡೆ ಮುಂಬೈಯಿಂದ ಫಿಯೆಟ್, ಆಮೇಲೆ ಅದೇ ಪದ್ಮಿನಿ.

ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಆವೃತ್ತಿ. ಐವತ್ತರ ದಶಕದ ಕೊನೆಗೆ ಇಲ್ಲಿಗೆ ಬಂದು 2014ರ ಮೇ ತನಕ ತಯಾರಾಯಿತು. ಇಂಗ್ಲೆಂಡಿನದು ಜಿಟಿಜಿಟಿ ಮಳೆ, ತಂಪು ಬಿಸಿಲು. ಹಿರಿಯೂರಿನದು ಬೇರೆ ಲೆಕ್ಕ. ಇಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿ.ಮೀ. ಆಸುಪಾಸು, ಕರಾವಳಿಯವರು ಕೇಳಿದರೆ ನಗುತ್ತಾರೆ. ಅದರಲ್ಲೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಒಂದೆರಡು ರಾತ್ರಿಯಲ್ಲಿ ಧೋ ಎಂದು. ಉಳಿದ ತಿಂಗಳು ಬಿಸಿಲು ಮತ್ತು ಧೂಳು.

ಮಳೆ ಕಮ್ಮಿ ಇರುವ ಊರಲ್ಲಿ ಕಾರು ಕಮ್ಮಿ ಸೋರಬೇಕು ಎಂದು ನಾವೂ ಅಂದುಕೊಂಡಿದ್ದೆವು. ಉಲ್ಟಾ. ಗಾಜಿನ ಸುತ್ತಲ ರಬ್ಬರನ್ನು ಕೊಲ್ಲುವುದು ಮಳೆಯಲ್ಲ, ಬಿಸಿಲು ಮತ್ತು ಗಾಳಿಯಲ್ಲಿರುವ ಓಝೋನ್. ಹಳೆಯ ಕಾಲದ ನೈಸರ್ಗಿಕ ರಬ್ಬರ್ ಅಂತೂ ನಾಲ್ಕಾರು ಬೇಸಿಗೆಗೆ ಗಟ್ಟಿಯಾಗಿ, ಕುಗ್ಗಿ, ಮೂಲೆಗಳಲ್ಲಿ ಬಿರುಕು ಬಿಡುತ್ತದೆ. ಅರವತ್ತರ ದಶಕದಿಂದ ಈಚೆಗೆ ಬಂದ ಇಪಿಡಿಎಂ ಎಂಬ ಕೃತಕ ರಬ್ಬರ್ ಈ ಕಾಟ ಚೆನ್ನಾಗಿ ತಡೆಯುತ್ತದೆ, ಆದರೂ ಅಮರವಲ್ಲ. ಇನ್ನು ಧೂಳು. ಪ್ರತಿ ಬಾಗಿಲಿನ ತಳದಲ್ಲಿ ನೀರು ಹೊರಹೋಗಲು ಸಣ್ಣ ಕಿಂಡಿಗಳಿರುತ್ತವೆ. ನಮ್ಮ ಎರೆಮಣ್ಣಿನ ಧೂಳು ಒಳಗೆ ಸೇರಿ, ಮೊದಲ ಮಳೆಗೆ ಕೆಸರಾಗಿ, ಆಮೇಲೆ ಒಣಗಿ, ಗಾರೆ ಹಾಕಿದಂತೆ ಆ ಕಿಂಡಿಗಳನ್ನು ಮುಚ್ಚಿಬಿಡುತ್ತದೆ. ತೊಂದರೆ ತಯಾರಾಗಿ ಕೂತಿರುತ್ತದೆ, ಎಂಟು ತಿಂಗಳು ಯಾರಿಗೂ ಕಾಣದು. ಉಡುಪಿಯಲ್ಲಿ ಜೂನ್ ಮೊದಲ ವಾರಕ್ಕೇ ಗೊತ್ತಾಗುವ ತೂತು ಹಿರಿಯೂರಿನಲ್ಲಿ ಗೊತ್ತಾಗುವಾಗ ತಳದ ತಗಡು ಆಗಲೇ ತುಕ್ಕು ತಿಂದಿರುತ್ತದೆ.

ಆ ಅಂಬಾಸಿಡರ್ ಅಜ್ಜ ಹೇಳಿದ್ದರಲ್ಲಿ ನಮ್ಮ ತಲೆಯಲ್ಲಿ ಉಳಿದದ್ದನ್ನು ಬರೆಯುತ್ತೇವೆ. ಮಾತು ಅವರದೇ ಅಂತ ಹೇಳಲಾರೆವು, ನೋಟ್‌ಬುಕ್ ಇಲ್ಲ. ಪುಣೆ-ಬೆಂಗಳೂರು ರಸ್ತೆ ಆಗ ಊರೊಳಗೇ ಹಾದು ಹೋಗುತ್ತಿತ್ತು, ಗ್ಯಾರೇಜುಗಳೆಲ್ಲ ಅದರ ಅಕ್ಕಪಕ್ಕ. ಮದುವೆ ಬಾಡಿಗೆಗೆ ಹೋದರೆ ಮಳೆಗಾಲದಲ್ಲಿ ಮದುಮಗನಿಗೆ ಹಿಂದಿನ ಸೀಟಿನ ನಡುವೆಯೇ ಜಾಗ. ಮರ್ಯಾದೆಗಲ್ಲ, ಅಂಚಿನಲ್ಲಿ ಕೂತರೆ ರೇಷ್ಮೆ ಪಂಚೆ ನೆನೆಯುತ್ತಿತ್ತು ಅಂತ. ಡ್ರೈವರ್ ಮೊಣಕಾಲ ಮೇಲೆ ಡ್ಯಾಶ್‌ಬೋರ್ಡ್ ಕೆಳಗಿಂದ ಹನಿ ಬೀಳುವುದು ಮಾಮೂಲು. ಅದಕ್ಕೊಂದು ಟವಲ್, ಕಾಲ ಕೆಳಗೆ ಗೋಣಿಚೀಲ. ಮುಂದಿನ ಗಾಜಿನ ರಬ್ಬರ್ ಸಂದಿಗೆ ಡಾಂಬರು ತುಂಬುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗಿ ಡ್ಯಾಶ್‌ಬೋರ್ಡ್ ಮೇಲೆ ಇಳಿಯುತ್ತಿತ್ತು, ಮಳೆಗಾಲಕ್ಕೆ ಮತ್ತೆ ಖಾಲಿ. ‘ಮಳೆಗಾಲದಾಗೆ ನೀರು, ಬ್ಯಾಸಿಗೆಯಾಗೆ ಡಾಂಬರು, ಒಟ್ನಲ್ಲಿ ಗಾಡಿ ಸೋರೋದು ನಿಲ್ಲಲ್ಲ’ ಎಂಬಂತೆ ಏನೋ ಅಂದು ನಕ್ಕಿದ್ದರು.

ಅವರ ಕಾರಿನ ಮೊಣಕಾಲ ಹನಿಗೆ ಕಾರಣ ಬಹುಶಃ ಗಾಜಿನ ರಬ್ಬರ್ ಒಂದೇ ಅಲ್ಲ. ವೈಪರ್ ಕಡ್ಡಿಯ ಗೂಟ ತಗಡನ್ನು ತೂರಿ ಒಳಗೆ ಬರುವ ಕಡೆ ಒಂದು ರಬ್ಬರ್ ಬಳೆ ಇರುತ್ತದೆ, ಅದು ಸವೆದರೂ ನೀರು ನೇರ ಮೊಣಕಾಲಿಗೇ ಬರುತ್ತದೆ. ಬಾಗಿಲಿನ ಮುಂಭಾಗದ ತ್ರಿಕೋನದ ಗಾಜು ಇನ್ನೊಂದು ಕುಖ್ಯಾತ ಜಾಗ. ಗಾಳಿಗೆಂದು ತಿರುಗಿಸಿ ತಿರುಗಿಸಿ ಅದರ ರಬ್ಬರ್ ಹರಿಯದ ಹಳೆಯ ಕಾರೇ ಇರಲಿಕ್ಕಿಲ್ಲ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ನಮ್ಮದು 1998ರದ್ದು, ಐದು ಜನ ದುಡ್ಡು ಹಾಕಿ ಮೂರನೇ ಕೈಯಿಂದ ಕೊಂಡದ್ದು. ಅಂಬಾಸಿಡರ್‌ಗೆ ಹೋಲಿಸಿದರೆ ಸಂದಿಗಳು ಬಿಗಿ. ಆದರೆ ಅದರದ್ದೂ ರಬ್ಬರ್ ಚೌಕಟ್ಟಿನಲ್ಲಿ ಕೂರಿಸಿದ ಗಾಜು, ಚಾವಣಿಯ ಅಂಚಿಗೆ ನೀರು ಹರಿಯಲು ಒಂದು ಕಾಲುವೆ. ಈಗಿನ ಕಾರುಗಳ ಗಾಜನ್ನು ನೇರ ಅಂಟಿನಲ್ಲೇ ಕೂರಿಸುತ್ತಾರೆ, ಆ ಕಾಲುವೆಯೂ ಮಾಯವಾಗಿದೆ.

ನೋಟ್‌ಬುಕ್ ಹೋದ ಸಿಟ್ಟಿನಲ್ಲಿ ನಾವು ಮೊದಲು ಮಾಡಿದ್ದು ತಪ್ಪು ಕೆಲಸ. ಡಿಕ್ಕಿಯಲ್ಲಿ ನೀರಿದೆ, ಹಿಂದಿನ ಲೈಟಿನ ಕೆಳಗೇ ಇದೆ, ಅಂದಮೇಲೆ ಲೈಟಿನ ರಬ್ಬರೇ ಕಳ್ಳ ಅಂತ ಒಬ್ಬ ಮೆಕ್ಯಾನಿಕ್ ಹೇಳಿದ. ಸುತ್ತ ಸಿಲಿಕೋನ್ ಬಳಿದು ಕಳಿಸಿದ. ಮುಂದಿನ ಮಳೆಗೆ ಮತ್ತೆ ನೀರು. ಮತ್ತೆ ಬಳಿದ. ಮೂರನೇ ಸಲ ಹೋದಾಗ ‘ಹಳೇ ಗಾಡಿ ಅಲ್ವಾ ಸಾರ್’ ಅಂದ. ಆಮೇಲೆ ಓದಿ ತಿಳಿದದ್ದು: ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಬಣ್ಣ ಹೋದ ತಗಡಿಗೆ ಅದೇ ತುಕ್ಕು ತರುತ್ತದೆ. ಕಾರಿನ ತಗಡಿಗೆ ಪಾಲಿಯುರಿಥೇನ್ ಅಥವಾ ಬ್ಯುಟೈಲ್ ಸೀಲಂಟ್ ಬಳಸಬೇಕು.

ಆಗ ನೆನಪಾದದ್ದು ಹೊಸದುರ್ಗ ಕಡೆಯ ಒಬ್ಬ ನೀರುಗಂಟಿ. ಅವರ ಮಾತೂ ಹಾಳಾದ ನೋಟ್‌ಬುಕ್ಕಿನಲ್ಲೇ ಇತ್ತು. ಪುಣ್ಯಕ್ಕೆ ಮನುಷ್ಯರು ಇದ್ದರು, ಹೋಗಿ ಕೇಳಿದೆವು. ಕೆರೆ ಏರಿಯ ಹಿಂಬದಿಯಲ್ಲಿ ನೀರು ಜಿನುಗಿದರೆ ಅಲ್ಲೇ ಮಣ್ಣು ತುಂಬುವವ ದಡ್ಡ ಅನ್ನುತ್ತಾರೆ ಅವರು. ‘ನೀರು ಕಂಡ ಕಡೆ ತೂತು ಇರಲ್ಲ ಕಣ್ರಪ್ಪ. ನೀರು ಒಳಗೆಲ್ಲೋ ಹೊಕ್ಕಂಡು, ತನಗೆ ಸಲೀಸಾದ ದಾರಿ ಹಿಡ್ಕಂಡು, ಎಲ್ಲೋ ಎದ್ದು ಬರ್ತತೆ.’ ಏರಿಯ ಒಳಬದಿಯಲ್ಲಿ, ನೀರಿನ ಅಂಚಿನಲ್ಲಿ, ಒಂದೊಂದೇ ಜಾಗದಲ್ಲಿ ಬಣ್ಣದ ನೀರು ಬಿಟ್ಟು ಹಿಂಬದಿಯಲ್ಲಿ ಒಬ್ಬನನ್ನು ಕಾಯಲು ನಿಲ್ಲಿಸುತ್ತಿದ್ದರಂತೆ. ಬಣ್ಣ ಯಾವಾಗ ಬಂತು ಎಂಬುದರ ಮೇಲೆ ತೂತಿನ ಜಾಗ.

ಕಾರಿಗೂ ಅದನ್ನೇ ಮಾಡಿದೆವು. ಕಾರ್ಪೆಟ್, ಅದರ ಕೆಳಗಿನ ಫೆಲ್ಟ್, ಡಿಕ್ಕಿಯ ಹಲಗೆ ಎಲ್ಲ ಕಿತ್ತು ಎರಡು ದಿನ ಬಿಸಿಲಿಗೆ ಹಾಕಿದೆವು. ಒದ್ದೆ ಫೆಲ್ಟ್ ಇಟ್ಟುಕೊಂಡು ತೂತು ಹುಡುಕಿದರೆ ಹಳೆಯ ನೀರು ಯಾವುದು ಹೊಸದು ಯಾವುದು ಗೊತ್ತಾಗದು. ತಳದುದ್ದಕ್ಕೂ ನ್ಯೂಸ್ ಪೇಪರ್ ಹಾಸಿದೆವು, ನಮ್ಮ ಹತ್ತಿರ ಅದಕ್ಕೇನು ಬರ! ಒಬ್ಬ ಟಾರ್ಚ್ ಹಿಡಿದು ಒಳಗೆ, ಇಬ್ಬರು ಹೊರಗೆ ಪೈಪು ಹಿಡಿದು. ಜೋರಾಗಿ ಬಿಡಬಾರದು, ಮಳೆ ಬಿದ್ದಂತೆ ಹರಿಯಬೇಕು ಅಷ್ಟೆ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ಒಂದೊಂದು ಜಾಗಕ್ಕೆ ಐದು ನಿಮಿಷವಾದರೂ ಕಾಯಬೇಕು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಯೂ ಒಟ್ಟಿಗೆ ನೆನೆದು ಯಾವುದೂ ತಿಳಿಯುವುದಿಲ್ಲ.

ಬಾಗಿಲಿಗೆ ನೀರು ಬಿಟ್ಟಾಗ ಒಂದು ತಿಳಿವಳಿಕೆ ಬಂತು. ಕಾರಿನ ಬಾಗಿಲು ನೀರು ಒಳಗೆ ಬಾರದಂತೆ ಮಾಡಿದ್ದೇ ಅಲ್ಲ. ಇಳಿಸುವ ಗಾಜಿನ ಪಕ್ಕದಿಂದ ನೀರು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಇಳಿಯಲೇಬೇಕು. ಒಳಗಿನ ಪ್ಲಾಸ್ಟಿಕ್ ಹಾಳೆ ಅದನ್ನು ನಮ್ಮ ಕಡೆ ಬಿಡದೆ ತಳದ ಕಿಂಡಿಗೆ ಕಳಿಸುತ್ತದೆ. ತೂಬು ಕೋಡಿ ಇಲ್ಲದ ಕೆರೆ ಇಲ್ಲ ಅಂದ ಹಾಗೆ. ಯಾರೋ ಸ್ಪೀಕರ್ ಹಾಕಲು ನಮ್ಮ ಎಡ ಬಾಗಿಲಿನ ಹಾಳೆ ಹರಿದಿದ್ದರು, ಅದನ್ನು ಬ್ಯುಟೈಲ್ ಟೇಪಿನಲ್ಲಿ ಅಂಟಿಸಿದೆವು. ಕಿಂಡಿಗಳ ಮಣ್ಣನ್ನು ಸೈಕಲ್ ಕಡ್ಡಿಯಲ್ಲಿ ಚುಚ್ಚಿ ತೆಗೆದೆವು. ಬಲ ಬಾಗಿಲಿನಿಂದ ಅರ್ಧ ಲೋಟ ಕೆಸರು ನೀರು ಇಳಿಯಿತು. ಕೊನೆಯ ಮಳೆ ಬಿದ್ದು ಹನ್ನೆರಡು ದಿನವಾಗಿತ್ತು.

ಬಾಗಿಲ ರಬ್ಬರ್ ನೋಡಲು ವಿಭೂತಿ ಪುಡಿ ಬಳಸಿದೆವು. ರಬ್ಬರಿಗೆ ಹಚ್ಚಿ ಬಾಗಿಲು ಮುಚ್ಚಿ ತೆರೆದರೆ ಚೌಕಟ್ಟಿನ ಮೇಲೆ ಬಿಳಿ ಗೆರೆ ಮೂಡಬೇಕು. ಗೆರೆ ಕಡಿದ ಕಡೆ ರಬ್ಬರ್ ಮುಟ್ಟುತ್ತಿಲ್ಲ ಅಂತ ಅರ್ಥ. ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆದು ನೋಡುವುದು ಇನ್ನೊಂದು ದಾರಿ, ಸಲೀಸಾಗಿ ಬಂದರೆ ಸಡಿಲ. ನಮ್ಮದು ಎಲ್ಲ ಕಡೆ ಸರಿ ಇತ್ತು.

ಚಪ್ಪಲಿಯ ಪಚಪಚಕ್ಕೆ ಕಾರಣ ಸಿಕ್ಕಿದ್ದು ಬಾನೆಟ್ ಹಿಂದೆ, ವೈಪರ್ ಕೆಳಗಿನ ತೊಟ್ಟಿಯಲ್ಲಿ. ಗಾಜಿನ ಮೇಲಿಂದ ಇಳಿದ ನೀರೆಲ್ಲ ಆ ತೊಟ್ಟಿಗೆ ಬಂದು ಎರಡು ಬದಿಯ ಕಿಂಡಿಯಿಂದ ಹೊರಗೆ ಹೋಗಬೇಕು. ಕಾರು ನಿಲ್ಲುವುದು ಹುಣಸೆ ಮರದ ಕೆಳಗೆ. ಹುಣಸೆ ಎಲೆ ಎಷ್ಟು ಸಣ್ಣದೆಂದರೆ ಯಾವ ಜಾಲರಿಯೂ ತಡೆಯದು. ಇಪ್ಪತ್ತು ವರ್ಷದ ಎಲೆ ಗೊಬ್ಬರವಾಗಿ ಕೂತಿತ್ತು, ಅದರಲ್ಲೊಂದು ಹುಣಸೆ ಮೊಳಕೆ ಬೇರೆ! ಕಿಂಡಿ ಮುಚ್ಚಿ ತೊಟ್ಟಿ ತುಂಬಿ, ನೀರು ಬ್ಲೋವರಿನ ಗಾಳಿ ಬಾಯಿಯಿಂದ ಎಡ ಸೀಟಿನ ಕಾಲಿಗೆ ಇಳಿಯುತ್ತಿತ್ತು. ನಮ್ಮ ಕಾರೂ ಅವತ್ತು ಕೋಡಿ ಬಿದ್ದಿತ್ತು ಅನ್ನಿ. ರಿಪೇರಿ ಖರ್ಚು ಸೊನ್ನೆ.

ಡಿಕ್ಕಿಯ ನೀರು ಮಾತ್ರ ಸುಲಭಕ್ಕೆ ಸಿಗಲಿಲ್ಲ. ಲೈಟಿಗೆ ನೀರು ಬಿಟ್ಟೆವು, ಪೇಪರ್ ಒಣ. ಹಿಂದಿನ ಬಾಗಿಲಿನ ರಬ್ಬರಿಗೆ ಬಿಟ್ಟೆವು, ಒಣ. ಹಿಂದಿನ ಗಾಜು, ಒಣ. ಚಾವಣಿಯ ಎಡ ಕಾಲುವೆಗೆ ಬಿಟ್ಟು ಕಾಯುತ್ತಾ ಚಹಾ ಕುಡಿಯುತ್ತಿದ್ದೆವು, ಒಳಗಿದ್ದವನು ‘ಬಂತು’ ಅಂದ. ಆದರೆ ಕಾಲುವೆ ನಾಲ್ಕೈದು ಅಡಿ ಉದ್ದ, ಅದರಲ್ಲಿ ಎಲ್ಲಿ? ಆಗ ಅರಿಶಿನ ಬಂತು. ಕಾಲುವೆಯನ್ನು ಗೇಣು ಗೇಣಿಗೆ ಹಿಟ್ಟಿನ ಕಟ್ಟೆ ಹಾಕಿ ಭಾಗ ಮಾಡಿ, ಹಿಂದಿನಿಂದ ಒಂದೊಂದೇ ಭಾಗಕ್ಕೆ ಅರಿಶಿನ ನೀರು ಎರೆದೆವು. ಎರಡನೇ ಭಾಗಕ್ಕೆ ಎರೆದು ಏಳೆಂಟು ನಿಮಿಷಕ್ಕೆ ಪೇಪರಿನ ಮೇಲೆ ಹಳದಿ ಚುಕ್ಕೆ. ಅಲ್ಲಿ ತಗಡಿನ ಜೋಡಣೆ ಮೇಲಿನ ಹಳೆಯ ಸೀಲಂಟ್ ಕೂದಲೆಳೆಯಷ್ಟು ಬಿರಿದಿತ್ತು. ನೀರು ಅದರೊಳಗೆ ಇಳಿದು, ಕಂಬದ ಒಳಗೆ ಹರಿದು, ಚಕ್ರದ ಗುಮ್ಮಟದ ಮೇಲೆ ಜಾರಿ, ಲೈಟಿನ ಕೆಳಗೆ ಬಂದು ಕೂರುತ್ತಿತ್ತು. ಮೂರು ಸಲ ಸಿಲಿಕೋನ್ ಮೆತ್ತಿಸಿಕೊಂಡ ಆ ಲೈಟು ನಿರಪರಾಧಿ.

ಹಳೆಯ ಸೀಲಂಟ್ ಕೆರೆದು, ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಪಾಲಿಯುರಿಥೇನ್ ಎಳೆದು, ಒಣಗಿದ ಮೇಲೆ ಬಣ್ಣ ಬಳಿದೆವು. ಎಲ್ಲ ಸೇರಿ ಸಾವಿರ ರೂಪಾಯಿಯ ಒಳಗೆ ಮುಗಿಯಿತು. ಮುಂದಿನ ಗಾಜಿನ ರಬ್ಬರನ್ನೂ ಬದಲಿಸಿದೆವು, ಅದನ್ನು ಮಾಡುವುದು ನೋಡಲೇ ಚೆಂದ. ಹೊಸ ರಬ್ಬರಿನ ಒಳಗಾಡಿಯಲ್ಲಿ ಒಂದು ಹುರಿ ಸುತ್ತಿ, ಗಾಜನ್ನು ಹೊರಗಿನಿಂದ ಒತ್ತಿ ಹಿಡಿದು, ಒಳಗಿನಿಂದ ಹುರಿ ಎಳೆಯುತ್ತ ಹೋದರೆ ರಬ್ಬರಿನ ತುಟಿ ತಗಡಿನ ಅಂಚನ್ನು ತಾನಾಗಿ ಕಚ್ಚಿಕೊಳ್ಳುತ್ತದೆ. ಅದನ್ನು ಮಾಡಿಕೊಟ್ಟವರು ಹಳೆಯ ರಸ್ತೆ ಬದಿಯಲ್ಲಿ ಅಂಬಾಸಿಡರ್ ಕಾಲದಿಂದ ಕೂತಿರುವ ಮುದುಕ ಮೇಸ್ತ್ರಿ. ನಾಲ್ಕು ಪಥದ ಹೆದ್ದಾರಿ ಊರ ಹೊರಗೆ ಸರಿದ ಮೇಲೆ ಅವರಿಗೆ ಕೆಲಸ ಕಮ್ಮಿ. ಅವರ ಕೈ ನೋಡುತ್ತ ನಿಂತಾಗ ತಿಳಿದದ್ದು, ಮದುಮಗನ ಪಂಚೆಯ ಕಥೆ ಹೇಳಿದ ಅಜ್ಜನ ಕಾರಿಗೆ ಡಾಂಬರು ತುಂಬುತ್ತಿದ್ದವರು ಇವರೇ. ಅಜ್ಜ ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇವರಿಗೆ ಗೊತ್ತಿತ್ತು, ಕೆಲವು ಕಡೆ ‘ಅವ್ನು ನಿಮಗೆ ಸುಳ್ಳು ಹೇಳ್ಯಾನೆ’ ಅಂತ ತಿದ್ದಿದರು. ಹೊಸ ನೋಟ್‌ಬುಕ್ ಅಲ್ಲೇ ಶುರುವಾಯಿತು. ಈ ಸಲ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೇವೆ.

2025ರ ಜನವರಿಯಲ್ಲಿ ವಾಣಿವಿಲಾಸ ಮೂರನೇ ಸಲ ಕೋಡಿ ಬಿತ್ತು, ಭದ್ರಾ ಮೇಲ್ದಂಡೆಯಿಂದ ಬಂದ ನೀರೂ ಸೇರಿ. ಅದೇ ಕಾರಿನಲ್ಲಿ ಹೋಗಿ ಬಂದೆವು, ಕಾರೊಳಗೆ ಹನಿ ನೀರಿಲ್ಲ. ಆದರೆ ಅವತ್ತು ಆಕಾಶದಲ್ಲಿ ಮೋಡವೇ ಇರಲಿಲ್ಲ, ಹಾಗಾಗಿ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆ ವರ್ಷದ ಮಳೆಗಾಲದಲ್ಲಿ ಪೇಪರ್ ಹಾಸಿ ನೋಡಿದಾಗ ಡಿಕ್ಕಿಯ ಬಲ ಮೂಲೆಯಲ್ಲಿ ರೂಪಾಯಿ ಅಗಲದ ಒಂದು ಒದ್ದೆ ಕಲೆ ಕಂಡಿದೆ. ಬಲಗಡೆ ಕಾಲುವೆಗೆ ಇನ್ನೂ ಅರಿಶಿನ ಎರೆದಿಲ್ಲ.